ಪರತರಂಗೋಪಜೀವನ ಶಾಸ್ತ್ರ ಪ್ರವೇಶಿಕೆ

ಪ್ರಕರಣ 1: ಅನುಬಂಧ ಮತ್ತು ಲಕ್ಷಣ

ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ನಿರೂಪಿಸದೆ ಶಾಸ್ತ್ರಾರಂಭ ಮಾಡಬಾರದೆಂಬುದು ಪೂರ್ವಾಚಾರ್ಯರ ಕಟ್ಟಳೆ. ಭೂಮಿಯನ್ನು ಸುತ್ತುತ್ತಿರುವ ಉಪಗ್ರಹ, ಬರಿದಾದ ರಾಕೆಟ್, ಭಗ್ನಾವಶೇಷ ಮೊದಲಾದವು ಈ ಶಾಸ್ತ್ರದ ವಿಷಯ. ತಾನು ಒಂದು ವ್ಯಾಟ್ ರೇಡಿಯೊ ಶಕ್ತಿಯನ್ನೂ ಹೊಮ್ಮಿಸದೆ ಅವುಗಳ ಇರವನ್ನೂ ಗತಿಯನ್ನೂ ಅರಿಯುವುದು ಪ್ರಯೋಜನ. ಅನ್ಯರು ಹೊಮ್ಮಿಸಿದ ತರಂಗವು ಆ ವಸ್ತುವಿಗೆ ತಾಗಿ, ಚದುರಿ, ಶ್ರೋತೃವಿನ ಆಂಟೆನಾವನ್ನು ಸೇರುವುದು ಸಂಬಂಧ. ಆಂಟೆನಾ, ಅದನ್ನು ನಿಲ್ಲಿಸಲು ಎರಡಡಿ ಜಾಗ, ಮನೆಯವರ ಸಹನೆ, ಈ ಮೂರನ್ನು ಸಂಪಾದಿಸಿಕೊಂಡವನು ಅಧಿಕಾರಿ.

ಎಂಜಿನಿಯರುಗಳು ಈ ವಿದ್ಯೆಯನ್ನು ಪ್ಯಾಸಿವ್ ರೇಡಾರ್ ಎಂದು ಕರೆದು, ನಾಲ್ಕು ಸಮೀಕರಣ ಬರೆದು, ಸುಮ್ಮನಾದರು. ಉದ್ದೇಶ, ಲಕ್ಷಣ, ಪರೀಕ್ಷೆ ಎಂಬ ತ್ರಿವಿಧ ಪ್ರವೃತ್ತಿಯಿಲ್ಲದ ವಿದ್ಯೆ ಕಸುಬಾಗಿ ಬಾಳೀತು, ಶಾಸ್ತ್ರವಾಗಿ ನಿಲ್ಲದು. ಆ ಲೋಪವನ್ನು ಪರಿಹರಿಸಲು ಪರತರಂಗೋಪಜೀವನ ಶಾಸ್ತ್ರವನ್ನು ಇಲ್ಲಿ ಪ್ರವರ್ತಿಸಲಾಗಿದೆ.

ಲಕ್ಷಣ: ಪರಪ್ರಸಾರಿತ ತರಂಗದ ಪ್ರತಿಫಲನವನ್ನು ಹೇತುವಾಗಿ ಹಿಡಿದು ಭೂಕಕ್ಷಾಸ್ಥ ವಸ್ತುವನ್ನು ಸಾಧಿಸುವ ಅನುಮಾನ ವ್ಯಾಪಾರವೇ ಪರತರಂಗೋಪಜೀವನ.

ಈ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷವಿದೆ. ಚಂದ್ರನೂ ಭೂಕಕ್ಷಾಸ್ಥನೇ, ಅವನಿಂದಲೂ ತರಂಗ ಹಿಂದಿರುಗುತ್ತದೆ, ಹೋಗಿಬರಲು ಎರಡೂವರೆ ಸೆಕೆಂಡಿಗಿಂತ ತುಸು ಹೆಚ್ಚು ಹಿಡಿಯುತ್ತದೆ ಅಷ್ಟೆ. ಚಂದ್ರನನ್ನು ಪತ್ತೆಹಚ್ಚಿದೆನೆಂದು ಹೇಳಿಕೊಳ್ಳುವ ಶಾಸ್ತ್ರಕ್ಕೆ ಗೌರವವಿರದು. ಆದಕಾರಣ 'ಮನುಷ್ಯೋತ್ಕ್ಷಿಪ್ತ' ಎಂಬ ವಿಶೇಷಣವನ್ನು ಸೇರಿಸತಕ್ಕದ್ದು. ಸೇರಿಸಿದೊಡನೆ ಅವ್ಯಾಪ್ತಿ ತಲೆದೋರುತ್ತದೆ. 2008ರ ನವೆಂಬರಿನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಗೆ ದುರಸ್ತಿಯಲ್ಲಿ ತೊಡಗಿದ್ದ ಗಗನಯಾತ್ರಿಯೊಬ್ಬರ ಕೈತಪ್ಪಿ ಸಲಕರಣೆಗಳ ಚೀಲವೊಂದು ತೇಲಿಹೋಗಿ, ತಾನೇ ಸ್ವತಂತ್ರ ಉಪಗ್ರಹವಾಗಿ ಕೆಲವು ತಿಂಗಳು ಭೂಮಿಯನ್ನು ಸುತ್ತಿತು. ಅದನ್ನು ಯಾರೂ ಕಕ್ಷೆಗೆ ಎಸೆದಿರಲಿಲ್ಲ. ಪರಿಹಾರ ಹೀಗೆ: ಚೀಲವು ನಿಲ್ದಾಣದವರೆಗೆ ಬುದ್ಧಿಪೂರ್ವಕವಾಗಿಯೂ ಅಲ್ಲಿಂದ ಮುಂದೆ ಪ್ರಮಾದಪೂರ್ವಕವಾಗಿಯೂ ಹೋಯಿತು, ಮೊದಲ ಅಂಶದಲ್ಲಿ ಉತ್ಕ್ಷಿಪ್ತತ್ವ ಸಿದ್ಧವಿರುವುದರಿಂದ ಎರಡನೆಯ ಅಂಶ ಲಕ್ಷಣಕ್ಕೆ ಬಾಧಕವಲ್ಲ. ಕೈತಪ್ಪುವುದೂ ಒಂದು ಬಗೆಯ ಉಡಾವಣೆಯೆಂದು ತಿಳಿಯತಕ್ಕದ್ದು.

ಪ್ರಕರಣ 2: ಪರಂಪರೆ

ಶಾಸ್ತ್ರದ ಮೂಲಪ್ರಯೋಗ ನಡೆದದ್ದು 1935ರ ಫೆಬ್ರವರಿ 26ರಂದು, ಇಂಗ್ಲೆಂಡಿನ ಡಾವೆಂಟ್ರಿಯ ಸಮೀಪದ ಹೊಲವೊಂದರಲ್ಲಿ. ರಾಬರ್ಟ್ ವಾಟ್ಸನ್-ವಾಟ್ ಮತ್ತು ಆರ್ನಲ್ಡ್ ವಿಲ್ಕಿನ್ಸ್ ಎಂಬ ಆದ್ಯಾಚಾರ್ಯರು ಬಿಬಿಸಿಯ ಶಾರ್ಟ್‌ವೇವ್ ಪ್ರಸಾರ ಹೇಫರ್ಡ್ ಬಾಂಬರ್ ವಿಮಾನಕ್ಕೆ ತಾಗಿ ಹಿಂದಿರುಗುವುದನ್ನು ತೋರಿಸಿಕೊಟ್ಟರು. ಅವರು ಆ ದಿನ ಯಾವ ತರಂಗವನ್ನೂ ಸ್ವಂತವಾಗಿ ಹೊಮ್ಮಿಸಲಿಲ್ಲವೆಂಬುದು ಗಮನಾರ್ಹ. ಬ್ರಿಟನ್ನಿನ ರೇಡಾರಿನ ಇತಿಹಾಸ ಉಪಜೀವನದಿಂದ ಆರಂಭವಾಗಿ, ಆಮೇಲೆ ಸ್ವಾವಲಂಬನೆಗೆ ಇಳಿಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದ 30 ವ್ಯಾಟ್‌ನ ಯಂತ್ರದಲ್ಲಿ ಬಾನುಲಿ ಪ್ರಸಾರ ತೊಡಗಿದರು. ಇವೆರಡಕ್ಕೂ ಕಾರ್ಯಕಾರಣ ಸಂಬಂಧವನ್ನು ಸಾಧಿಸುವ ಆಧಾರ ದೊರೆಯದ ಕಾರಣ ಇದನ್ನು ಕಾಕತಾಳೀಯದಲ್ಲಿ ಸೇರಿಸಿದ್ದೇವೆ.

ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಕ್ಲೈನ್ ಹೈಡೆಲ್‌ಬರ್ಗ್ ಎಂಬ ವ್ಯವಸ್ಥೆಯನ್ನು ಕಡಲತೀರದಲ್ಲಿ ನಿಲ್ಲಿಸಿ, ಶತ್ರುವಾದ ಬ್ರಿಟನ್ನಿನ ಚೈನ್ ಹೋಮ್ ರೇಡಾರ್ ತರಂಗಗಳಿಂದಲೇ ಬ್ರಿಟಿಷ್ ವಿಮಾನಗಳನ್ನು ಪತ್ತೆಹಚ್ಚಿದರು. ಇದು ಶತ್ರೂಪಜೀವನಕ್ಕೆ ನಿದರ್ಶನ. 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಮೇಲೇರಿದ ತರುವಾಯ ಅಮೆರಿಕದ ಒಹಾಯೊದಲ್ಲಿ ಜಾನ್ ಕ್ರೌಸ್ ಅವರು ಸರಕಾರಿ ಕಾಲಸೂಚಕ ಕೇಂದ್ರ ಡಬ್ಲ್ಯುಡಬ್ಲ್ಯುವಿಯ 20 ಮೆಗಾಹರ್ಟ್ಸ್ ಸಂಕೇತವನ್ನು ಆಲಿಸಿ ಉಪಗ್ರಹದ ಸುಳಿವು ಹಿಡಿದರು. ಗಂಟೆ ಎಷ್ಟಾಯಿತೆಂದು ಹೇಳಲು ಹುಟ್ಟಿದ ತರಂಗ ಮೇಲೆ ಯಾರಿದ್ದಾರೆಂದು ಹೇಳಿತು. ಶಾಸ್ತ್ರವು ಭೂಮಿಯನ್ನು ಬಿಟ್ಟು ಕಕ್ಷೆಗೆ ಏರಿದ್ದು ಈ ಹಂತದಲ್ಲಿ.

ಪ್ರಕರಣ 3: ಉಪಜೀವ್ಯ ಭೇದ

ತರಂಗವನ್ನು ಹೊಮ್ಮಿಸುವ ಕೇಂದ್ರ ಉಪಜೀವ್ಯ. ಅದರ ಪ್ರತಿಫಲನವನ್ನು ಆಲಿಸುವವನು ಉಪಜೀವಕ. ಆಲಂಕಾರಿಕರು ನಾಯಿಕೆಯರನ್ನು ವಿಂಗಡಿಸಿದ ಕ್ರಮವನ್ನು ಅನುಸರಿಸಿ ಉಪಜೀವ್ಯವನ್ನೂ ಸ್ವೀಯ, ಪರಕೀಯ, ಸಾಮಾನ್ಯ ಎಂದು ಮೂರಾಗಿ ವಿಭಾಗಿಸುತ್ತೇವೆ.

3.1 ಸ್ವೀಯ: ಆಲಿಸುವವನೇ ಸ್ಥಾಪಿಸಿ ಪೋಷಿಸುವಂಥದು. ಅಮೆರಿಕದ ನೌಕಾಪಡೆ ಟೆಕ್ಸಸ್‌ನ ಕಿಕಾಪೂ ಸರೋವರದ ಬಳಿ ಸುಮಾರು 217 ಮೆಗಾಹರ್ಟ್ಸ್‌ನಲ್ಲಿ ನಿರಂತರ ತರಂಗವನ್ನು ಬೀಸಣಿಗೆಯಂತೆ ಆಕಾಶಕ್ಕೆ ಹರಡಿ, ಅದನ್ನು ದಾಟಿದ ವಸ್ತುಗಳ ಪ್ರತಿಧ್ವನಿಯನ್ನು ದೂರದ ಬೇರೆ ಕೇಂದ್ರಗಳಲ್ಲಿ ಆಲಿಸುತ್ತಿತ್ತು. ಪ್ರಸಾರಕವೂ ಶ್ರೋತೃವೂ ಪ್ರತ್ಯೇಕ ಸ್ಥಳದಲ್ಲಿದ್ದರೂ ಯಜಮಾನನೊಬ್ಬನೇ ಆದ್ದರಿಂದ ಇಲ್ಲಿ ಉಪಜೀವನವಿಲ್ಲ, ಗೃಹಸ್ಥಧರ್ಮ ಮಾತ್ರ ಇದೆ.

3.2 ಪರಕೀಯ: ಅನ್ಯನು ಇದೇ ಪ್ರಯೋಜನಕ್ಕಾಗಿ ತನಗೋಸ್ಕರ ಸ್ಥಾಪಿಸಿಕೊಂಡದ್ದು. ಇದರ ಪರಮೋದಾಹರಣೆ ಫ್ರಾನ್ಸಿನ ಗ್ರಾವ್ ರೇಡಾರ್. ದಿಜೋಂ ನಗರಕ್ಕೆ ಅನತಿದೂರದಲ್ಲಿ ಅದರ ಪ್ರಸಾರಕವಿದೆ; ಸುಮಾರು 400 ಕಿಲೋಮೀಟರ್ ದಕ್ಷಿಣಕ್ಕೆ ಆಲ್ಬಿಯೋಂ ಪ್ರಸ್ಥಭೂಮಿಯಲ್ಲಿ ಅದರ ಗ್ರಾಹಕವಿದೆ. ಒನೆರಾ ಸಂಸ್ಥೆ ರೂಪಿಸಿ, 2005ರಲ್ಲಿ ಫ್ರೆಂಚ್ ವಾಯುಪಡೆಯ ವಶಕ್ಕೆ ಬಂದ ಈ ಯಂತ್ರ 143.050 ಮೆಗಾಹರ್ಟ್ಸ್‌ನಲ್ಲಿ ಹಗಲಿರುಳೂ ಏಕಸ್ವರವನ್ನು ದಕ್ಷಿಣದ ಆಕಾಶಕ್ಕೆ ಹೊಮ್ಮಿಸುತ್ತದೆ. ಬ್ರಿಟನ್, ನೆದರ್ಲೆಂಡ್ಸ್, ಜರ್ಮನಿಗಳ ಹವ್ಯಾಸಿಗಳು ಬಾಲ್ಕನಿಗೆ ಯಾಗಿ ಆಂಟೆನಾ ಕಟ್ಟಿ, ಮೂಲತಃ ಟಿವಿ ನೋಡಲೆಂದು ತಯಾರಾದ ಯುಎಸ್‌ಬಿ ಡಾಂಗಲನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಆ ಸ್ವರದ ಪ್ರತಿಫಲನವನ್ನು ಉಣ್ಣುತ್ತಾರೆ. ಭೂಮಿ ದುಂಡಗಿರುವುದು ಅವರಿಗೆ ಮಹೋಪಕಾರ. ಪ್ರಸಾರಕ ದಿಗಂತದ ಕೆಳಗಿರುವುದರಿಂದ ನೇರ ತರಂಗ ಅವರ ಕಿವಿಯನ್ನು ಕೆಡಿಸದು. ಕೇಳಿಸಿದ್ದು ಬಹುತೇಕ ಮೇಲಿನಿಂದ ಬಂದದ್ದೇ.

ಇಲ್ಲೊಂದು ಸೂಕ್ಷ್ಮವಿದೆ. ಒಂದೇ ಕ್ಷಣದಲ್ಲಿ, ಒಂದೇ ಉಪಗ್ರಹದಿಂದ, ಒಂದೇ ತರಂಗ ಚದುರಿ ಆಲ್ಬಿಯೋಂನ ಸೈನ್ಯಾಧಿಕಾರಿಗೂ ನೆದರ್ಲೆಂಡ್ಸಿನ ಬಾಲ್ಕನಿಗೂ ತಲುಪಿದಾಗ ಅದು ಒಬ್ಬರಿಗೆ ಸ್ವೀಯ, ಇನ್ನೊಬ್ಬರಿಗೆ ಪರಕೀಯ. ತರಂಗಕ್ಕೆ ಸ್ವತಃ ಜಾತಿಯಿಲ್ಲ. ಪ್ರಸಾರಕದ ಕರೆಂಟ್ ಬಿಲ್ಲು ಯಾರ ಹೆಸರಿಗೆ ಬರುತ್ತದೆಂಬುದೇ ಭೇದಕ ಧರ್ಮ.

3.3 ಸಾಮಾನ್ಯ: ಸರ್ವಜನರಿಗೂ ತೆರೆದಿರುವ ಎಫ್‌ಎಂ ಮುಂತಾದ ಪ್ರಸಾರಗಳು. ಪಶ್ಚಿಮ ಆಸ್ಟ್ರೇಲಿಯದ ಮರ್ಚಿಸನ್ ಪ್ರದೇಶದಲ್ಲಿ ಜನವಸತಿಯ ಗದ್ದಲದಿಂದ ದೂರವಾಗಿ ಮರ್ಚಿಸನ್ ವೈಡ್‌ಫೀಲ್ಡ್ ಅರೇ ಎಂಬ ರೇಡಿಯೊ ದೂರದರ್ಶಕವಿದೆ. ಸ್ಟೀವನ್ ಟಿಂಗೇ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದಂತೆ, ದೂರದ ಊರುಗಳ ಎಫ್‌ಎಂ ಕೇಂದ್ರಗಳ ತರಂಗ ಬಾಹ್ಯಾಕಾಶ ನಿಲ್ದಾಣಕ್ಕೆ ತಾಗಿ ಬರುವುದು ಅದರಲ್ಲಿ ದಾಖಲಾಯಿತು. ಅರ್ಧ ಮೀಟರಿಗಿಂತ ದೊಡ್ಡ ತ್ರಿಜ್ಯದ ಅವಶೇಷಗಳನ್ನು ಸುಮಾರು 1000 ಕಿಲೋಮೀಟರ್ ಎತ್ತರದವರೆಗೆ ಹೀಗೆ ಹಿಡಿಯಬಹುದೆಂದು ಅವರ ಲೆಕ್ಕ. ಭೌತನಿಯಮಕ್ಕೆ ದೇಶಭೇದವಿಲ್ಲ, ಬೆಂಗಳೂರಿನ 102.9ರ ವಿವಿಧಭಾರತಿಯ ಚಿತ್ರಗೀತೆಯೂ ಒಂದಂಶ ಮೇಲಕ್ಕೆ ಸೋರಿ, ಹಾದುಹೋಗುವ ಉಪಗ್ರಹಗಳಿಗೆ ತಾಗಿ ಚದುರುತ್ತದೆ. ಕೋರಿಕೆ ಪತ್ರ ಬರೆದ ಶ್ರೋತೃಗಳ ಹೆಸರೂ ಜೊತೆಗೇ ಹೋಗುತ್ತದೆ. ಆದರೆ ಬೆಂಗಳೂರಿನಲ್ಲೇ ಕುಳಿತು ಅದರ ಪ್ರತಿಫಲನವನ್ನು ಹಿಡಿಯಹೊರಟವನಿಗೆ ನೇರ ಪ್ರಸಾರವೇ ಅಡ್ಡಬರುತ್ತದೆ; ಹಾಡು ಚೆನ್ನಾಗಿ ಕೇಳಿಸುವುದು ಅಲ್ಲಿ ವಿಘ್ನ.

ಪ್ರಕರಣ 4: ವಸ್ತು ಭೇದ

ಕಕ್ಷಾಸ್ಥ ವಸ್ತುಗಳು ವಾಚಾಲ, ಮೌನಿ, ಶಕಲ ಎಂದು ತ್ರಿವಿಧ.

ವಾಚಾಲ ವಸ್ತು ತಾನೇ ಸಂಕೇತಗಳನ್ನು ಕಳಿಸುತ್ತದೆ. ಅದು ಏನು ಹೇಳುತ್ತದೆಂಬುದು ಈ ಶಾಸ್ತ್ರಕ್ಕೆ ಅಪ್ರಸ್ತುತ. ಅದರ ಮೈಯಷ್ಟೇ ಪ್ರಸ್ತುತ. ಮೌನಿ ವಸ್ತು ಒಮ್ಮೆ ವಾಚಾಲವಾಗಿದ್ದು ಆಮೇಲೆ ಮಾತು ನಿಲ್ಲಿಸಿದ್ದು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾಗಿ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಮೇಲೇರಿದ ಆರ್ಯಭಟ ಇದಕ್ಕೆ ಶ್ರೇಷ್ಠ ನಿದರ್ಶನ. ಅದರೊಡನೆ ಸಂಪರ್ಕ 1981ರ ಮಾರ್ಚ್‌ವರೆಗೆ ಉಳಿಯಿತು. ಅದು ವಾತಾವರಣಕ್ಕೆ ಮರಳಿ ಉರಿದದ್ದು 1992ರ ಫೆಬ್ರವರಿಯಲ್ಲಿ. ನಡುವಣ ಹನ್ನೊಂದು ವರ್ಷ ಆ 26 ಮುಖಗಳ, 1.4 ಮೀಟರ್ ವ್ಯಾಸದ ಕಾಯ ಯಾರೊಡನೆಯೂ ಮಾತಾಡದೆ ಸುತ್ತಿತು. ಆದರೆ ಅದರ ಕಕ್ಷೆ ಸಮಭಾಜಕಕ್ಕೆ 50.7 ಡಿಗ್ರಿ ಓರೆಯಾಗಿದ್ದುದರಿಂದ 33 ಡಿಗ್ರಿ ಅಕ್ಷಾಂಶದಲ್ಲಿದ್ದ, 3.1ರಲ್ಲಿ ಹೇಳಿದ ಟೆಕ್ಸಸ್‌ನ ತರಂಗಬೇಲಿಯ ಮೇಲಿಂದ ಮತ್ತೆ ಮತ್ತೆ ಹಾಯಲೇಬೇಕಿತ್ತು. ಮಾತು ನಿಲ್ಲಿಸುವುದು ವಸ್ತುವಿನ ಸ್ವಾತಂತ್ರ್ಯಕ್ಕೆ ಬಿಟ್ಟದ್ದು, ಪ್ರತಿಫಲಿಸುವುದು ಹಾಗಲ್ಲ. ಲೋಹದ ಮೈ ಇರುವವರೆಗೆ ಸಾಕ್ಷಿ ಹೇಳುವುದು ತಪ್ಪದು. ಈಗ ಅದೇ ಪೀಣ್ಯದಲ್ಲಿ ಇಸ್ರೋದ ಬಾಹ್ಯಾಕಾಶ ನಿಗಾ ನಿಯಂತ್ರಣ ಕೇಂದ್ರ 2020ರ ಡಿಸೆಂಬರಿನಿಂದ ಕಕ್ಷೆಯ ಮೌನಿಗಳನ್ನು ಕಾಯುತ್ತಿದೆ.

ಶಕಲವೆಂದರೆ ಚೂರು. ಇದರಲ್ಲಿ ಶ್ರಾವ್ಯ, ಅಶ್ರಾವ್ಯ ಎಂಬ ಉಪಭೇದವನ್ನು ತರಂಗವೇ ಮಾಡುತ್ತದೆ. 143 ಮೆಗಾಹರ್ಟ್ಸ್ ತರಂಗದ ಉದ್ದ 2.1 ಮೀಟರ್. ಇದಕ್ಕಿಂತ ಬಹಳ ಚಿಕ್ಕದಾದ ಚೂರಿನ ಗಾತ್ರ ಅರ್ಧಕ್ಕಿಳಿದರೆ ಪ್ರತಿಧ್ವನಿ 64ನೆಯ ಒಂದು ಪಾಲಿಗೆ ಇಳಿಯುತ್ತದೆ. 1958ರ ಮಾರ್ಚ್‌ನಲ್ಲಿ ಮೇಲೇರಿದ ವ್ಯಾನ್‌ಗಾರ್ಡ್-1ರ ಗೋಳಕ್ಕೆ 16.5 ಸೆಂಟಿಮೀಟರ್ ವ್ಯಾಸ. ಕಕ್ಷೆಯಲ್ಲಿರುವ ಮಾನವನಿರ್ಮಿತ ವಸ್ತುಗಳಲ್ಲೆಲ್ಲ ಅದೇ ಹಿರಿಯ; ಆದರೂ ಬಾಲ್ಕನಿಯ ಉಪಜೀವಕನ ಪಾಲಿಗೆ ಆ ಹಿರಿಯರು ಇದ್ದೂ ಇಲ್ಲದವರು. ವಯಸ್ಸು ಪ್ರತಿಫಲನಕ್ಕೆ ಹೇತುವಲ್ಲವೆಂದು ಇದರಿಂದ ಸಿದ್ಧ.

ಪ್ರಕರಣ 5: ಪ್ರಮಾಣ ವಿಚಾರ

ಶ್ರೋತೃ ಉಪಗ್ರಹವನ್ನು ಕಾಣುವುದಿಲ್ಲ. ಆದ್ದರಿಂದ ಇದು ಪ್ರತ್ಯಕ್ಷವಲ್ಲ. ಬೆಟ್ಟದ ಮೇಲಿನ ಹೊಗೆಯಿಂದ ಬೆಂಕಿಯನ್ನು ಅರಿಯುವಂತೆ ಸ್ವರವಿಚಲನದಿಂದ ವಸ್ತುವನ್ನು ಅರಿಯುವುದರಿಂದ ಇದು ಅನುಮಾನ. ಪ್ರಸಾರಕದಿಂದ ವಸ್ತುವಿಗೂ ವಸ್ತುವಿನಿಂದ ಶ್ರೋತೃವಿಗೂ ಇರುವ ದೂರಗಳ ಮೊತ್ತ ಸೆಕೆಂಡಿಗೆ ಒಂದು ಕಿಲೋಮೀಟರಿನಷ್ಟು ಕುಗ್ಗುತ್ತಿದ್ದರೆ ಗ್ರಾವ್‌ನ ಸ್ವರ ಸುಮಾರು 477 ಹರ್ಟ್ಸ್ ಮೇಲೇರಿ ಕೇಳುತ್ತದೆ; ಹಿಗ್ಗುತ್ತಿದ್ದರೆ ಅಷ್ಟೇ ಇಳಿಯುತ್ತದೆ. ಇದೇ ಡಾಪ್ಲರ್ ಹೇತು.

ಇದರ ಪ್ರಕಟರೂಪವನ್ನು ಲ್ಯಾಪ್‌ಟಾಪಿನ ವಾಟರ್‌ಫಾಲ್ ಚಿತ್ರದಲ್ಲಿ ಪರಿಶೀಲಿಸತಕ್ಕದ್ದು. ಕಡುನೀಲಿ ಪರದೆ, ಎಡದಿಂದ ಬಲಕ್ಕೆ ಸ್ವರದ ಏರಿಕೆ, ಮೇಲಿನಿಂದ ಕೆಳಕ್ಕೆ ಕಾಲದ ಹರಿವು. ಮೊದಲು ಏನೂ ಇಲ್ಲ. ಆಮೇಲೆ ಬಲ ಅಂಚಿನಲ್ಲಿ, ಮೂಲಸ್ವರಕ್ಕಿಂತ ಕಿಲೋಹರ್ಟ್ಸ್‌ಗಳಷ್ಟು ಆಚೆ, ತೆಳುವಾದ ಹಳದಿ ಗೀಟೊಂದು ಹುಟ್ಟುತ್ತದೆ. ಅದು ಎಡಕ್ಕೆ ಜಾರತೊಡಗುತ್ತದೆ, ಮೊದಮೊದಲು ಮೆಲ್ಲಗೆ, ಮೂಲಸ್ವರವನ್ನು ದಾಟುವಾಗ ರಭಸದಿಂದ, ಮತ್ತೆ ಮೆಲ್ಲಗೆ. ಪ್ರಸಾರಕ ತನ್ನ ಕಿರಣವನ್ನು ದಿಕ್ಕಿನಿಂದ ದಿಕ್ಕಿಗೆ ಸರಿಸುತ್ತಿರುವುದರಿಂದ ಗೀಟು ಅಲ್ಲಲ್ಲಿ ಕಡಿದು ಮತ್ತೆ ಕೂಡುತ್ತದೆ. ಕಿವಿಯಲ್ಲಿ ಅದೇ ಸಂಗತಿ ಒಂದು ಸಿಳ್ಳೆ. ತಾರದಲ್ಲಿ ಎತ್ತಿಕೊಂಡು ಮಂದ್ರಕ್ಕೆ ಇಳಿಯುತ್ತದೆ, ಅವರೋಹಣ ಮಾತ್ರ, ಆರೋಹಣವಿಲ್ಲ. ಮೂಲಸ್ವರವನ್ನು ದಾಟಿದ ಕ್ಷಣ ದೂರಮೊತ್ತ ಕನಿಷ್ಠವಾದ ಕ್ಷಣ. ಅಲ್ಲಿನ ಕಡಿದಾದ ಇಳಿಜಾರು ಸಾಮೀಪ್ಯದ ಚಿಹ್ನೆ. ಒಬ್ಬನೇ ಶ್ರೋತೃವಿಗೆ ಇಷ್ಟು ದಕ್ಕುತ್ತದೆ. ಪೂರ್ಣ ಕಕ್ಷೆಯನ್ನು ಕಟ್ಟಲು ಬೇರೆ ಬೇರೆ ಊರುಗಳಲ್ಲಿ ಗಡಿಯಾರ ಸರಿಹೊಂದಿಸಿಕೊಂಡ ಹಲವು ಉಪಜೀವಕರು ಬೇಕು. ಇದನ್ನು ಸಹಪಂಕ್ತಿ ಭೋಜನವೆನ್ನುತ್ತೇವೆ.

ಪ್ರಕರಣ 6: ಹೇತ್ವಾಭಾಸ

ನೈಯಾಯಿಕರು ಹೇಳಿದ ಐದೂ ಹೇತ್ವಾಭಾಸಗಳು ಇಲ್ಲಿ ಒಂದೇ ಸಂಜೆಯಲ್ಲಿ ಲಭ್ಯ.

(1) ಸವ್ಯಭಿಚಾರ: ಹೇತುವಿದ್ದೂ ಸಾಧ್ಯವಿಲ್ಲದಿರುವುದು. ವಿಮಾನಗಳೂ ಸ್ವರವನ್ನು ವಿಚಲಿಸುತ್ತವೆ. ಸೆಕೆಂಡಿಗೆ 250 ಮೀಟರ್ ಹಾರುವ ಪ್ರಯಾಣಿಕ ವಿಮಾನ ಹೆಚ್ಚೆಂದರೆ 240 ಹರ್ಟ್ಸ್ ವಿಚಲಿಸಬಲ್ಲದು. ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ಧಾವಿಸುವ ಉಪಗ್ರಹದ ಮುಂದೆ ಅದು ಅತ್ಯಲ್ಪ. ವ್ಯಭಿಚಾರ ಇದರಿಂದ ಪತ್ತೆಯಾಗುತ್ತದೆ.

(2) ವಿರುದ್ಧ: ಸಾಧ್ಯದ ಅಭಾವವನ್ನೇ ಸಾಧಿಸುವ ಹೇತು. ಉಲ್ಕೆ ನೂರು ಕಿಲೋಮೀಟರ್ ಆಸುಪಾಸಿನಲ್ಲಿ ಉರಿದಾಗ ಅದು ಬಿಟ್ಟುಹೋದ ಅಯಾನುಗಳ ಜಾಡು 'ಟಿಣ್' ಎಂದು ಪ್ರತಿಧ್ವನಿಸುತ್ತದೆ. ಆ ಸದ್ದು ವಸ್ತುವೊಂದು ಕಕ್ಷೆಯಲ್ಲಿದೆಯೆಂದು ಹೇಳುವುದಿಲ್ಲ. ಎಲ್ಲಿಯೂ ಉಳಿದಿಲ್ಲವೆಂದು ಹೇಳುತ್ತದೆ.

(3) ಸತ್ಪ್ರತಿಪಕ್ಷ: ಸಮಬಲದ ಪ್ರತಿಹೇತುವಿರುವುದು. ಎರಡು ಉಪಗ್ರಹಗಳು ಏಕಕಾಲದಲ್ಲಿ ಹಾಯ್ದು, ಎರಡು ಗೀಟುಗಳು ಮೂಲಸ್ವರದಲ್ಲಿ ಅಡ್ಡಹಾಯ್ದಾಗ, ಯಾವ ಗೀಟು ಯಾವ ಕಡೆಗೆ ಹೊರಟಿತೆಂದು ನಿರ್ಣಯಿಸಲಾಗದು.

(4) ಅಸಿದ್ಧ: ಇದು ತ್ರಿವಿಧ. ಪಟ್ಟಿಯಲ್ಲಿ ಹೆಸರಿದ್ದು, ವಸ್ತುವೇ ನಿನ್ನೆ ಉರಿದುಹೋಗಿದ್ದರೆ ಆಶ್ರಯಾಸಿದ್ಧ. ಗೀಟು ಪಕ್ಕದ ಕೋಣೆಯ ಎಲ್‌ಇಡಿ ಬಲ್ಬಿನದಾಗಿದ್ದರೆ ಸ್ವರೂಪಾಸಿದ್ಧ. ಹತ್ತಿರದ ಪ್ರಬಲ ಪ್ರಸಾರವೊಂದು ಗ್ರಾಹಕವನ್ನು ತುಂಬಿ ಉಕ್ಕಿಸಿ ಇಲ್ಲದ ಸ್ವರಗಳನ್ನು ಹುಟ್ಟಿಸಿದ್ದರೆ, ಉಪಾಧಿಯಿರುವುದರಿಂದ ವ್ಯಾಪ್ಯತ್ವಾಸಿದ್ಧ. ಸ್ವರೂಪಾಸಿದ್ಧವನ್ನು ಮನೆಯ ಸ್ವಿಚ್ಚುಗಳನ್ನು ಒಂದೊಂದಾಗಿ ಆರಿಸಿ ಪರೀಕ್ಷಿಸತಕ್ಕದ್ದು. ಈ ಪರೀಕ್ಷೆಗೆ ಅಧಿಕಾರಿಯ ಮೂರನೆಯ ಸಂಪತ್ತು ವಿಶೇಷವಾಗಿ ವ್ಯಯವಾಗುತ್ತದೆ.

(5) ಬಾಧಿತ: ಪ್ರಬಲತರ ಪ್ರಮಾಣದಿಂದ ಅಲ್ಲಗಳೆಯಲ್ಪಟ್ಟದ್ದು. ಬ್ರಿಟನ್ನಿನ ಬೇಸಿಗೆಯ ಸಮಯಕ್ಕೂ ಸಾರ್ವತ್ರಿಕ ಸಮಯಕ್ಕೂ ಇರುವ ಅಂತರವನ್ನು ಮರೆತು ಶ್ರೋತೃ ಬಾಹ್ಯಾಕಾಶ ನಿಲ್ದಾಣವನ್ನು ಹಿಡಿದೆನೆಂದು ಬರೆದಿಟ್ಟುಕೊಳ್ಳುತ್ತಾನೆ. ಒಂದು ತಾಸಿನ ಮೇಲೆ ಬಾಲ್ಕನಿಗೆ ಬಂದಾಗ ಆ ನಿಲ್ದಾಣವೇ ತಲೆಯ ಮೇಲೆ ಬೆಳಗುತ್ತ ಹಾಯುತ್ತದೆ. ಇಲ್ಲಿ ಪ್ರತ್ಯಕ್ಷ ಬಾಧಕ.

ಪ್ರಕರಣ 7: ಅಭಾವ ನಿರೂಪಣೆ

ಉಪಜೀವಕನ ಕಾಲದಲ್ಲಿ ಬಹುಪಾಲು ನಿಶ್ಶಬ್ದದಲ್ಲೇ ಕಳೆಯುವುದರಿಂದ ಅದರ ವರ್ಗೀಕರಣ ಅತ್ಯವಶ್ಯ.

ಪ್ರಾಗಭಾವ ಅನಾದಿ, ಆದರೆ ಸಾಂತ. ಉಪಗ್ರಹ ಕಿರಣವನ್ನು ಪ್ರವೇಶಿಸುವ ಮೊದಲಿನ ಮೌನ ಇದು. ಸೃಷ್ಟಿಯ ಆರಂಭದಿಂದ ಇಂದು ಸಂಜೆ ಏಳೂವರೆಯವರೆಗೆ ಅವಿಚ್ಛಿನ್ನವಾಗಿ ಮುಂದುವರಿದಿರುತ್ತದೆ. ಪ್ರಧ್ವಂಸಾಭಾವಕ್ಕೆ ಆದಿಯಿದೆ, ಅಂತವಿಲ್ಲ. ಸ್ಪುಟ್ನಿಕ್‌ನ ಮೌನ 1958ರ ಜನವರಿ 4ರಂದು ಅದು ಮರಳಿ ಉರಿದಾಗ ಹುಟ್ಟಿತು, ಇನ್ನೆಂದೂ ಮುಗಿಯದು. ಅತ್ಯಂತಾಭಾವ ತ್ರಿಕಾಲದಲ್ಲಿಯೂ ಇರುತ್ತದೆ. ಹಾಸನದಿಂದ ನಿಯಂತ್ರಿಸಲ್ಪಡುವ ಭೂಸ್ಥಿರ ಉಪಗ್ರಹಗಳಂಥವು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಹೋಗುವಾಗ ದೂರದ ವರ್ಗಕ್ಕೂ ಬರುವಾಗ ಮತ್ತೆ ದೂರದ ವರ್ಗಕ್ಕೂ ಅನುಗುಣವಾಗಿ ಶಕ್ತಿ ಕುಗ್ಗುವುದರಿಂದ, 400 ಕಿಲೋಮೀಟರ್ ಎತ್ತರದ ವಸ್ತುವಿಗೆ ಹೋಲಿಸಿದರೆ ಅವುಗಳ ಪ್ರತಿಧ್ವನಿ ಆರು ಕೋಟಿಗೂ ಹೆಚ್ಚು ಪಟ್ಟು ಕ್ಷೀಣ. ಬಾಲ್ಕನಿಗೆ ಅವು ನಿನ್ನೆಯೂ ಇಲ್ಲ, ಇಂದೂ ಇಲ್ಲ, ನಾಳೆಯೂ ಇಲ್ಲ. ಅನ್ಯೋನ್ಯಾಭಾವ ಪರಸ್ಪರ ಭಿನ್ನತ್ವ. 2019ರ ಮೇ ತಿಂಗಳಿಂದ ಅರವತ್ತರ ಗುಂಪಿನಲ್ಲಿ ಉಡಾಯಿಸಲ್ಪಟ್ಟ ಸ್ಟಾರ್‌ಲಿಂಕ್‌ಗಳು ಒಂದರ ಹಿಂದೊಂದು ಹಾಯುವಾಗ ಪ್ರತಿಯೊಂದೂ ಉಳಿದ ಐವತ್ತೊಂಬತ್ತು ಅಲ್ಲವೆಂಬುದು ಸಿದ್ಧವಿದ್ದರೂ, ಇದು ಯಾವುದೆಂಬುದು ಸಿದ್ಧವಾಗದು.

ವೈಶೇಷಿಕರು ಕಾಣದ ಐದನೆಯ ಅಭಾವವನ್ನು ಈ ಶಾಸ್ತ್ರ ಹೊಸದಾಗಿ ಸೇರಿಸುತ್ತದೆ: ಶ್ರೋತೃಜನ್ಯಾಭಾವ. ಇದು ಚತುರ್ವಿಧ: ಕೇಬಲ್ ಸಿಕ್ಕಿಸದಿರುವುದರಿಂದ ಉಂಟಾದದ್ದು, ಬೇರೆ ಆಂಟೆನಾದ ಕೇಬಲ್ ಸಿಕ್ಕಿಸಿದ್ದರಿಂದ ಉಂಟಾದದ್ದು, ಹೆಡ್‌ಫೋನಿನ ಸದ್ದು ಸೊನ್ನೆಯಲ್ಲಿರುವುದರಿಂದ ಉಂಟಾದದ್ದು, ಅದೇ ಗಳಿಗೆಯಲ್ಲಿ ಲ್ಯಾಪ್‌ಟಾಪ್ ಅಪ್‌ಡೇಟ್‌ಗೆ ತೊಡಗಿದ್ದರಿಂದ ಉಂಟಾದದ್ದು. ಮೊದಲ ಮೂರಕ್ಕೆ ಆದಿಯೂ ಅಂತವೂ ಇವೆ. ನಾಲ್ಕನೆಯದಕ್ಕೆ ಅಂತವಿದೆಯೇ ಎಂಬುದು ಪರದೆಯ ಮೇಲೆ ಶೇಕಡಾವಾರು ತೋರಿದರೂ ಅನಿರ್ವಚನೀಯ.

ಪ್ರಕರಣ 8: ಶ್ರೋತೃವಿನ ಅಷ್ಟಾವಸ್ಥೆಗಳು

ನಾಯಿಕೆಯ ಎಂಟು ಅವಸ್ಥೆಗಳು ಉಪಜೀವಕನಲ್ಲಿಯೂ ಯಥಾವತ್ತಾಗಿ ಕಂಡುಬರುತ್ತವೆ. ಲಿಂಗವಿವಕ್ಷೆ ಇಲ್ಲಿ ಇಲ್ಲ.

ಆಂಟೆನಾವನ್ನು ದಿಕ್ಕಿಗೆ ತಿರುಗಿಸಿ, ಬ್ಯಾಟರಿ ತುಂಬಿಸಿ, ಮಿಕ್ಸಿ ಹಾಕಬೇಡಿರೆಂದು ಒಳಗೆ ಹೇಳಿಬಂದು ಕಾದಿರುವುದು ವಾಸಕಸಜ್ಜಾವಸ್ಥೆ. ಗಣಿತಸಿದ್ಧ ಸಮಯ ಮೀರಿಯೂ ಗೀಟು ಬಾರದಿದ್ದಾಗ ವಿರಹೋತ್ಕಂಠಿತಾವಸ್ಥೆ. ಇದರಲ್ಲಿ ಗಡಿಯಾರಶಂಕೆ, ಕೇಬಲ್‌ಶಂಕೆ, ಕಕ್ಷಾಗಣಿತಶಂಕೆ, ಆತ್ಮಶಂಕೆ ಎಂಬ ನಾಲ್ಕು ಮೆಟ್ಟಿಲುಗಳು ಇದೇ ಅನುಕ್ರಮದಲ್ಲಿ ಬರುತ್ತವೆ. ಊರಿನ ವಿದ್ಯುತ್ ಗದ್ದಲವನ್ನು ತೊರೆದು ಆಂಟೆನಾ ಹೊತ್ತು ರಾತ್ರಿ ಗುಡ್ಡಕ್ಕೆ ಹೊರಡುವುದು ಅಭಿಸಾರಿಕಾವಸ್ಥೆ. ಶುಕ್ಲಾಭಿಸಾರಿಕೆ, ಕೃಷ್ಣಾಭಿಸಾರಿಕೆ ಎಂಬ ಪ್ರಸಿದ್ಧ ಭೇದ ಇಲ್ಲಿ ಟಾರ್ಚಿನ ಸೆಲ್ಲುಗಳನ್ನು ಅವಲಂಬಿಸಿದೆ. ಸಂಕೇತಸ್ಥಾನವನ್ನು ತಲುಪಿದ ಮೇಲೆ ಪ್ರಸಾರಕವೇ ದುರಸ್ತಿಗಾಗಿ ನಿಂತಿದೆಯೆಂದು ತಿಳಿಯುವುದು ವಿಪ್ರಲಬ್ಧಾವಸ್ಥೆ. ತಾನು ನಿದ್ರಿಸುತ್ತಿದ್ದಾಗ ಹಾಯ್ದ ಅಪರೂಪದ ವಸ್ತುವಿನ ಚಿಹ್ನೆಗಳನ್ನು ಬೆಳಗಾಗುತ್ತಲೇ ಇನ್ನೊಬ್ಬ ಶ್ರೋತೃವಿನ ಪರದೆಯಲ್ಲಿ ಕಾಣುವುದು ಖಂಡಿತಾವಸ್ಥೆ.

ನೆರೆಯವರೊಡನೆ ಮಾತಿಗೆ ಮಾತು ಬೆಳೆದು, ಕೋಪದಲ್ಲಿ ತಾನೇ ಆಂಟೆನಾ ಇಳಿಸಿ, ಮರುದಿನ ಪರಿತಪಿಸುವುದು ಕಲಹಾಂತರಿತಾವಸ್ಥೆ. ಪ್ರೋಷಿತಪತಿಕಾವಸ್ಥೆಗೆ ಮೊಲ್ನಿಯಾ ಕಕ್ಷೆಯ ವಸ್ತುಗಳು ಕಾರಣ. ಹನ್ನೆರಡು ತಾಸಿಗೊಮ್ಮೆ ಅವು ಭೂಮಿಯ ಸಮೀಪಕ್ಕೆ ಬರುವುದೇನೋ ನಿಜ. ಬರುವುದು ದಕ್ಷಿಣ ಗೋಳಾರ್ಧಕ್ಕೆ. ಯುರೋಪಿನ ಮೇಲೆ ಬಂದಾಗ ಸುಮಾರು 40,000 ಕಿಲೋಮೀಟರ್ ಮೇಲಿರುತ್ತವೆ. ಹೀಗೆ ತಪ್ಪದೆ ಮನೆಗೆ ಬಂದೂ ಪರದೇಶದಲ್ಲೇ ಇರುವುದು ಅಲಂಕಾರಶಾಸ್ತ್ರಕ್ಕೆ ತಿಳಿಯದ ಪ್ರವಾಸಪ್ರಭೇದ. ಕೊನೆಯದು ಸ್ವಾಧೀನಪತಿಕಾವಸ್ಥೆ: ಬೃಹತ್ಕಾಯದ ಬಾಹ್ಯಾಕಾಶ ನಿಲ್ದಾಣ ಸುಮಾರು 93 ನಿಮಿಷಕ್ಕೊಂದು ಸುತ್ತು ಹಾಕುತ್ತ, ದಿನಕ್ಕೆ ಹಲವು ಬಾರಿ, ಬೇಡವೆಂದರೂ ಬಂದು ಸಿಳ್ಳೆ ಹಾಕುತ್ತದೆ. ಈ ಅವಸ್ಥೆಯಲ್ಲಿ ನೆಲೆಗೊಂಡ ಶ್ರೋತೃ ಬೇಗನೆ ಬೇರೆ ಹವ್ಯಾಸ ಹಿಡಿಯುವುದು ಕಂಡುಬರುವುದರಿಂದ ಇದನ್ನು ಸಿದ್ಧಿಯೆನ್ನದೆ ವಿಘ್ನದಲ್ಲಿ ಪರಿಗಣಿಸಿದ್ದೇವೆ.

ಪ್ರಕರಣ 9: ಶಬ್ದಪ್ರಮಾಣ ಪರೀಕ್ಷೆ

ಗೀಟಿಗೆ ಹೆಸರಿಡಲು ಆಪ್ತವಾಕ್ಯ ಬೇಕು. ಅಮೆರಿಕದ ಸೈನ್ಯ ಪ್ರಕಟಿಸುವ ವಸ್ತುಪಟ್ಟಿಯೇ ಆ ಆಪ್ತವಾಕ್ಯ. ವಸ್ತುವೊಂದಕ್ಕೆ ಎರಡು ಸಾಲು, ಸಾಲಿಗೆ 69 ಅಕ್ಷರಸ್ಥಾನ. ಸೂತ್ರಸಾಹಿತ್ಯದಲ್ಲಿಯೂ ಇಷ್ಟು ನಿಯತವಾದ ಛಂದಸ್ಸು ವಿರಳ. ಈ ಪಟ್ಟಿಯ ಮೊದಲನೆಯ ಸಂಖ್ಯೆ ಸ್ಪುಟ್ನಿಕ್‌ನದಲ್ಲ, ಅದನ್ನು ಹೊತ್ತೊಯ್ದ ರಾಕೆಟ್ಟಿನದು. ಸ್ಪುಟ್ನಿಕ್‌ಗೆ ಎರಡನೆಯ ಸಂಖ್ಯೆ. ಪಲ್ಲಕ್ಕಿಗೆ ಅಗ್ರಪೂಜೆ ಮಾಡಿ ದೇವರಿಗೆ ಅನಂತರ ಮಾಡಿದಂತಾಯಿತೆಂಬ ಆಕ್ಷೇಪವನ್ನು, ಪ್ರತಿಫಲನದಲ್ಲಿ ದೊಡ್ಡದೇ ಮೊದಲೆಂಬ ನ್ಯಾಯದಿಂದ ಪರಿಹರಿಸಿಕೊಳ್ಳಬಹುದು.

ಆದರೆ ಆಪ್ತನು ತನಗೆ ತಿಳಿದುದೆಲ್ಲವನ್ನೂ ಹೇಳುವನೆಂಬ ನಿಯಮವಿಲ್ಲ. 2007ರಲ್ಲಿ ಫ್ರೆಂಚ್ ಅಧಿಕಾರಿಗಳು ಗ್ರಾವ್‌ನಲ್ಲಿ ಕಂಡ 20ರಿಂದ 30 ವಸ್ತುಗಳು ಅಮೆರಿಕ ಪ್ರಕಟಿಸುವ ಪಟ್ಟಿಯಲ್ಲಿಲ್ಲವೆಂದು ಬಹಿರಂಗವಾಗಿ ತಿಳಿಸಿದರು. ಫ್ರಾನ್ಸಿನ ಸೂಕ್ಷ್ಮ ಉಪಗ್ರಹಗಳ ಕಕ್ಷೆಗಳನ್ನು ಅಮೆರಿಕ ಪ್ರಕಟಿಸುತ್ತಿದ್ದುದೇ ಅವರ ಅಸಮಾಧಾನದ ಮೂಲ. ನಮ್ಮದನ್ನು ನೀವು ಹೇಳಿದರೆ ನಿಮ್ಮದನ್ನು ನಾವು ಹೇಳಬೇಕಾದೀತೆಂಬುದು ತಾತ್ಪರ್ಯ. ಇದರಿಂದ ಮೀಮಾಂಸಕರು ಕಲಿಯಬೇಕಾದ ಪಾಠವಿದೆ: ಶಬ್ದಪ್ರಮಾಣದಲ್ಲಿ ಮರೆಸಿದ್ದು ಅನುಮಾನಪ್ರಮಾಣದಲ್ಲಿ ಮರೆಯಾಗದು. ಪಟ್ಟಿಯಿಂದ ಹೆಸರನ್ನು ತೆಗೆಯುವುದು ಸುಲಭ, ಆಕಾಶದಿಂದ ಲೋಹವನ್ನು ತೆಗೆಯುವುದು ಸುಲಭವಲ್ಲ. ಬಾಲ್ಕನಿಯ ಉಪಜೀವಕನಿಗೂ ಇಂಥ ನಾಮರಹಿತ ಗೀಟುಗಳು ದೊರೆಯುತ್ತವೆ. ಅವನ್ನು 'ಅಜ್ಞಾತಕುಲಗೋತ್ರ' ಎಂಬ ಶೀರ್ಷಿಕೆಯಡಿ ಸಮಯ ಸಹಿತ ಬರೆದಿಡತಕ್ಕದ್ದು.

ಪ್ರಕರಣ 10: ಋಣ ಮತ್ತು ಕರ್ಮ

ಉಪಜೀವಕನಿಗೆ ಉಪಜೀವ್ಯದ ಋಣವಿದೆಯೇ? ಇಲ್ಲವೆಂಬುದು ಪೂರ್ವಪಕ್ಷ: ಅವನು ಆಲಿಸಿದ್ದರಿಂದ ಪ್ರಸಾರಕಕ್ಕೆ ಕಿಂಚಿತ್ತೂ ನಷ್ಟವಿಲ್ಲ, ಆಲಿಸದಿದ್ದರೂ ಆ ತರಂಗ ಶೂನ್ಯಕ್ಕೇ ಸಲ್ಲುತ್ತಿತ್ತು. ಇದೆಯೆಂಬುದು ಸಿದ್ಧಾಂತ: ಋಷಿಗಳ ಜ್ಞಾನವನ್ನು ಕಲಿತದ್ದರಿಂದ ಋಷಿಗಳಿಗೂ ನಷ್ಟವಿಲ್ಲ, ಆದರೂ ಋಷಿಋಣವನ್ನು ಯಾರೂ ಅಲ್ಲಗಳೆದಿಲ್ಲ. ಕೊಟ್ಟವನ ನಷ್ಟದಿಂದಲ್ಲ, ಪಡೆದವನ ಲಾಭದಿಂದ ಋಣ ಹುಟ್ಟುತ್ತದೆ. ಆದಕಾರಣ ದೇವ, ಋಷಿ, ಪಿತೃ ಋಣಗಳ ಜೊತೆಗೆ ತರಂಗಋಣವೆಂಬ ನಾಲ್ಕನೆಯದನ್ನು ಅಂಗೀಕರಿಸಬೇಕು.

ಈ ಋಣದ ನಿಮಿತ್ತ ವಿಧಿಸಿದ ಕರ್ಮಗಳು ಐದು. ಉಪಜೀವ್ಯದ ದೀರ್ಘಾಯುಷ್ಯವನ್ನು ಹಾರೈಸುವುದು ನಿತ್ಯಕರ್ಮ. ಟೆಕ್ಸಸ್‌ನ ಬೇಲಿಯನ್ನು 2013ರಲ್ಲಿ ಆಯವ್ಯಯದ ಕಡಿತದಿಂದ ಆರಿಸಲಾಯಿತು, ನಾರ್ವೆ 2017ರಲ್ಲಿ ತನ್ನ ರಾಷ್ಟ್ರೀಯ ಎಫ್‌ಎಂ ಪ್ರಸಾರಗಳನ್ನು ನಿಲ್ಲಿಸಿತು, ಆಶ್ರಯ ಮುಳುಗಿದರೆ ಆಶ್ರಿತನೂ ಮುಳುಗುತ್ತಾನೆ. ಆದ್ದರಿಂದ ಫ್ರಾನ್ಸಿನ ರಕ್ಷಣಾ ಆಯವ್ಯಯ ಮಂಡನೆಯಾಗುವ ದಿನ ವಿಶೇಷ ಹಾರೈಕೆ ನೈಮಿತ್ತಿಕಕರ್ಮ. ದೊಡ್ಡ ಆಂಟೆನಾಕ್ಕಾಗಿ ಮನೆಯವರಲ್ಲಿ ಪ್ರಾರ್ಥಿಸುವುದು ಕಾಮ್ಯಕರ್ಮ. ಎಲ್‌ಇಡಿ ಬಲ್ಬನ್ನು ಉಪಗ್ರಹವೆಂದು ದಾಖಲಿಸಿದವನು ದಾಖಲೆಯನ್ನು ಸ್ವಹಸ್ತದಿಂದ ಹೊಡೆದುಹಾಕುವುದು ಪ್ರಾಯಶ್ಚಿತ್ತ. ಐದನೆಯದಾದ ನಿಷಿದ್ಧಕರ್ಮ ಒಂದೇ: ತಾನೇ ಪ್ರಸಾರ ಮಾಡುವುದು. ಮಾಡಿದ ಗಳಿಗೆಯಲ್ಲಿ ಅವನಿಗೆ ಸ್ವೀಯ ತರಂಗ ಪ್ರಾಪ್ತವಾಗಿ ಉಪಜೀವಕತ್ವ ನಾಶವಾಗುತ್ತದೆ.

ಇಲ್ಲಿ ಒಂದು ವಿಷಮ ಪ್ರಸಂಗ ಒದಗುತ್ತದೆ. ಫ್ರೆಂಚ್ ವಾಯುಪಡೆ ಹವ್ಯಾಸಿಗಳಿಂದ ಹಣ ಸ್ವೀಕರಿಸುವುದಿಲ್ಲ. ಋಷಿಋಣವನ್ನು ಕಲಿಸುವುದರಿಂದ ತೀರಿಸುವಂತೆ ತರಂಗಋಣವನ್ನು ತರಂಗ ಕೊಟ್ಟೇ ತೀರಿಸಬೇಕು, ಎಂದರೆ ಪ್ರಸಾರ ಮಾಡಬೇಕು. ಋಣವಿಮೋಚನೆಯ ಏಕೈಕ ಮಾರ್ಗ ನಿಷಿದ್ಧಕರ್ಮವೇ ಆಗಿದೆ. ಶಾಸ್ತ್ರನಿಷ್ಠನು ಆಜನ್ಮ ಋಣಿಯಾಗಿಯೇ ಉಳಿಯುತ್ತಾನೆ, ಶಾಸ್ತ್ರಭ್ರಷ್ಟನೊಬ್ಬನೇ ಮುಕ್ತನಾಗುತ್ತಾನೆ. ಇದನ್ನು ತಪ್ಪಿಸಲು ಲಕ್ಷಣವನ್ನು ತಿದ್ದಿದರೆ ಮೊದಲನೆಯ ಪ್ರಕರಣದಿಂದ ಎಲ್ಲವೂ ಕುಸಿಯುವುದರಿಂದ ತಿದ್ದಲಾಗದು.

ಆದ್ದರಿಂದ ಅಂತಿಮ ವ್ಯವಸ್ಥೆ ಹೀಗೆ. ಹ್ಯಾಮ್ ಪರವಾನಗಿ ಪಡೆದ ಉಪಜೀವಕನು ಒಂದು ರಾತ್ರಿ ತಡೆಯಲಾರದೆ 144 ಮೆಗಾಹರ್ಟ್ಸ್‌ನಲ್ಲಿ ಯಾರಾದರೂ ಇದ್ದೀರಾ ಎಂದು ಒಂದೇ ಒಂದು ಕರೆ ಕೊಟ್ಟನೆಂದಿಟ್ಟುಕೊಳ್ಳಿ. ಆ ಕರೆಯ ಒಂದಂಶ ಮೇಲೇರಿ, ಯಾವುದೋ ಬರಿದಾದ ರಾಕೆಟ್ಟಿಗೆ ತಾಗಿ, ಯಾವುದೋ ಊರಿನ ಅಪರಿಚಿತ ಉಪಜೀವಕನ ಆಂಟೆನಾಕ್ಕೆ ದಕ್ಕಿದರೆ ಅಷ್ಟರಮಟ್ಟಿಗೆ ಅವನ ಋಣ ಸಂದಿತೆಂದು ತಿಳಿಯತಕ್ಕದ್ದು. ಅನಂತರ ಅವನನ್ನು ಶಾಸ್ತ್ರಬಾಹ್ಯನೆಂದು ಘೋಷಿಸಿ, ಅವನ ಆವೃತ್ತಿಯನ್ನು 3.3ರ ಸಾಮಾನ್ಯ ಉಪಜೀವ್ಯಗಳ ಪಟ್ಟಿಗೆ ಸೇರಿಸತಕ್ಕದ್ದು.